ಕೋಡಿನ ಪದರಿನ ವಿಭೂತಿ

ಆನೆಯ ತೊಗಲನ್ನು ಹೊದ್ದು, ಹುಲಿಯ ಚರ್ಮವನ್ನು ಉಟ್ಟು, ಕಪಾಲವನ್ನು ಕೈಯಲ್ಲಿ ಹಿಡಿದು, ಮೈತುಂಬ ಬೂದಿ ಬಳಿದುಕೊಂಡೂ ಮೂರು ಲೋಕಗಳಲ್ಲಿ ನಿನಗಿಂತ ಶುಚಿಯಾದವರಿಲ್ಲವೆಂದು ನಿಗಮಗಳಿಂದ ಹೊಗಳಿಸಿಕೊಳ್ಳುವ ಮುಕ್ಕಣ್ಣನೇ, ನಿನಗೆ ಶರಣು. ನಿನ್ನ ಕಣ್ಣುಗಳಲ್ಲಿ ಒಂದು ಸೂರ್ಯ, ಒಂದು ಚಂದ್ರ, ಒಂದು ಅಗ್ನಿ. ನಮಗಿರುವುದು ಎರಡೇ, ಅವೂ ನಲವತ್ತು ದಾಟಿದ ಮೇಲೆ ಮಸುಕಾಗುತ್ತವೆ. ಹೇಳುವ ನಾಲಗೆಗೆ ನಿಜವನ್ನೂ ಕೇಳುವ ಕಿವಿಗೆ ತಾಳ್ಮೆಯನ್ನೂ ಕರುಣಿಸಿ, ಈ ಕಥೆಯನ್ನು ದಡ ಮುಟ್ಟಿಸು.

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿಯ ಆಷಾಢ ಮಾಸ. ಬಮ್ಮಿಗಟ್ಟಿಯ ಶಂಭುಲಿಂಗಪ್ಪ ಶಾಸ್ತ್ರಿಗಳು ಹಿತ್ತಲ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಅವರ ಪತ್ನಿ ಅನ್ನವ್ವ ಬೆರಳ ತುದಿಯಿಂದ ಅವರ ಮೂಗಿನ ದಿಂಡಿಗೆ ಬೆಣ್ಣೆ ಸವರುತ್ತಿದ್ದಳು. ಕನ್ನಡಕ ಕೂರುವ ಜಾಗದಲ್ಲಿ ಎರಡೂ ಬದಿಗೆ ಚರ್ಮ ಕಿತ್ತು ಕೆಂಪಾಗಿತ್ತು. ಕಿವಿಯ ಹಿಂದೆಯೂ ಅದೇ ಹುಣ್ಣು.

“ಅಲಗ್ಯಾಡಬ್ಯಾಡ್ರಿ. ಬೆಣ್ಣಿ ಕಣ್ಣಾಗ ಹೋದೀತು.”

“ಶ್ರಾವಣಕ್ಕ ಇನ್ನ ಹದಿನೈದು ದಿನ. ತಿಂಗಳತನಕಾ ದಿನಾ ಎರಡು ತಾಸು ಇದನ್ನ ಹಾಕ್ಕೊಂಡು ಪುರಾಣ ಓದಬೇಕು. ಮೂಗಿನ ತೊಗಲ ಉಳಿಯೂದಿಲ್ಲ ನೋಡು.”

ಶಾಸ್ತ್ರಿಗಳು ಇಪ್ಪತ್ತೆರಡು ವರ್ಷಗಳಿಂದ ಊರ ಕಲ್ಮೇಶ್ವರ ಗುಡಿಯಲ್ಲಿ ಶ್ರಾವಣದ ಪುರಾಣವನ್ನು ಓದಿ ಅರ್ಥ ಹೇಳುತ್ತ ಬಂದವರು. ಅವರ ಕನ್ನಡಕದ ಚೌಕಟ್ಟು ಹುಬ್ಬಳ್ಳಿಯಿಂದ ತಂದ ಪ್ಲಾಸ್ಟಿಕ್ಕಿನದು, ಅದು ಮೂರನೆಯದು. ಮೊದಲಿನೆರಡು ಮುರಿದಾಗ ಅನ್ನವ್ವ ಅವನ್ನು ತಿಪ್ಪೆಗೆಸೆದಿದ್ದಳು. ಎರಡು ವರ್ಷದ ನಂತರ ತಿಪ್ಪೆ ತೋಡಿದಾಗ ಸೆಗಣಿ, ಕಸ, ಹಳೆಯ ಚಾಪೆ ಎಲ್ಲವೂ ಗೊಬ್ಬರವಾಗಿದ್ದವು. ಆ ಎರಡು ಚೌಕಟ್ಟುಗಳು ಮಾತ್ರ ಎಸೆದಂತೆಯೇ ಇದ್ದವು.

ಆಗ ಹಿತ್ತಲ ಬಾಗಿಲಿನಿಂದ ಹುಲಿಗೆಪ್ಪ ಒಂದು ಸಣ್ಣ ಬುಟ್ಟಿ ಹಿಡಿದು ಒಳಬಂದ. ನಲವತ್ತರ ಆಸುಪಾಸಿನ, ಮಾತು ಕಡಿಮೆಯಾದ ಮನುಷ್ಯ. ಊರ ಅಂಚಿನ ಕೇರಿಯಲ್ಲಿ ಅವನ ಮನೆ. ಅಜ್ಜನ ಕಾಲದಿಂದ ತಲೆ ಬಾಚುವ ಕೋಡಿನ ಹಣಿಗೆ ಮಾಡುವುದು ಅವರ ಕಸಬು. ಬುಟ್ಟಿಯಲ್ಲಿದ್ದ ಬೂದುಬಣ್ಣದ ಪುಡಿಯನ್ನು ಅವನು ಬಿಲ್ವಪತ್ರೆಯ ಗಿಡದ ಬುಡಕ್ಕೆ ಸುರಿದು, ಕೈ ಝಾಡಿಸಿ, ಶಾಸ್ತ್ರಿಗಳ ಮೂಗನ್ನು ನೋಡಿ ನಿಂತ.

“ಅಜ್ಜಾರ, ನೀವು ಮನಸ್ಸು ಮಾಡಿದ್ರ ನಾ ಒಂದು ಫ್ರೇಮು ಮಾಡಿಕೊಡತೇನ್ರಿ.”

“ಕಟ್ಟಿಗಿದೇನು? ಕಲಘಟಗಿ ತೊಟ್ಟಿಲದವರ ಹಂಗ ಬಣ್ಣಾ ಹಚ್ಚಿ?”

“ಕಟ್ಟಿಗಿ ದಪ್ಪ ಮಾಡಿದ್ರ ಭಾರ, ತೆಳ್ಳಗ ಮಾಡಿದ್ರ ಮುರೀತೈತಿ. ಕೋಡಿಂದು ಮಾಡತೇನ್ರಿ. ಕೋಡಂದ್ರ ನಮ್ಮ ಉಗುರಿದ್ದಂಗ. ಮೈಯಾಗ ಬೆಳದದ್ದು, ಮೈಗೆ ಹೊಂದತೈತಿ.”

ಶಾಸ್ತ್ರಿಗಳು ಕಣ್ಣು ತೆರೆದರು. ಹುಲಿಗೆಪ್ಪ ನೆಲ ನೋಡುತ್ತ ಮುಂದುವರಿಸಿದ.

“ಬ್ಯಾರೆ ಯಾವುದೂ ಅಲ್ರಿ. ನಿಮ್ಮ ಕರೆವ್ವನ ಕೋಡು. ಸತ್ತು ನಾಕು ವರ್ಷಾದ್ರೂ ಎರಡೂ ಅಟ್ಟದ ಮ್ಯಾಲ ಇಟ್ಟೇನಿ. ಹಣಗಿ ಮಾಡಾಕ ಮನಸ್ಸಾಗಿದ್ದಿಲ್ಲ. ಅಷ್ಟು ಚಲೋ ಕೋಡು.”

ಕರೆವ್ವ ಎಂಬುದು ಶಾಸ್ತ್ರಿಗಳ ಮನೆಯ ಎಮ್ಮೆ. ಅದರ ಹೆಸರು ಕೇಳಿ ಅವರ ಮುಖ ಮೃದುವಾಯಿತು; ಕೋಡೆಂಬುದು ನೆನಪಾಗಿ ಮತ್ತೆ ಬಿಗಿಯಿತು. ಅನ್ನವ್ವ ಎರಡನ್ನೂ ಗಮನಿಸಿದಳು.

“ಹನ್ನೊಂದು ವರ್ಷ ಅದರ ಹಾಲು ಕುಡದ್ರಿ, ಅದರ ತುಪ್ಪಲೇ ದೇವರಿಗೆ ದೀಪಾ ಹಚ್ಚಿದ್ರಿ. ಈಗ ಕೋಡು ಅಂದಕೂಡಲೇ ಮಾರಿ ಸಣ್ಣ ಮಾಡತೀರಲ್ಲ. ನೀವು ದಿನಾ ಹರಕೊಂಡು ಹೋಗಿ ಲಿಂಗಕ್ಕ ಏರಸೂ ಪತ್ರಿ ಗಿಡಕ್ಕ ಇವ ಹಾಕೂದು ಏನಂತ ತಿಳದೀರಿ?”

“ಏನೋ ಗೊಬ್ಬರ.”

“ಕೋಡಿನ ಪುಡಿ.”

“ಎಷ್ಟು ದಿನದಿಂದ?”

“ಐದು ವರ್ಷಾತು. ಒಂದು ದಿನಾನೂ ಕಲ್ಮೇಶ್ವರ ಬ್ಯಾಡಂದಿಲ್ಲ.”

ಶಾಸ್ತ್ರಿಗಳಿಗೆ ನಗು ಬಂತು. ನಕ್ಕಾಗ ಮೂಗು ಉರಿಯಿತು. ಉರಿದ ಮೂಗನ್ನು ಹಿಡಿದುಕೊಂಡೇ ಒಪ್ಪಿಗೆ ಕೊಟ್ಟರು.

ಹುಲಿಗೆಪ್ಪ ಹನ್ನೆರಡು ದಿನ ಆ ಕೆಲಸಕ್ಕೆ ಕುಳಿತ. ಒಂದು ಕೋಡನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಕೆಂಡದ ಮೇಲೆ ಹಿಡಿದು ಮೆತ್ತಗಾಗಿಸಿ, ಎರಡು ಕಬ್ಬಿಣದ ತಟ್ಟೆಗಳ ನಡುವೆ ಕಲ್ಲು ಹೇರಿ ಚಪ್ಪಟೆ ಮಾಡಿದ. ಹೊರಗೆ ಕಪ್ಪಾಗಿ ಕಂಡ ಕೋಡು ತೆಳುವಾಗುತ್ತ ಬಂದಂತೆ ಒಳಗಿನಿಂದ ಜೇನಿನ ಬಣ್ಣದ ಗೆರೆಗಳು ಎದ್ದವು. ಕೊರೆದು, ಅರದಿಂದ ಉಜ್ಜಿ, ಗಾಜಿನ ಚೂರಿನಿಂದ ಹೆರೆದು, ಬೂದಿ ಮತ್ತು ಎಣ್ಣೆಯಿಂದ ಹೊಳಪು ತಂದ. ಕಡ್ಡಿ ಮಡಿಚುವ ತಿರುಗಣಿಗಳನ್ನು ಮಾತ್ರ ತಿಪ್ಪೆಯಿಂದ ಎದ್ದ ಹಳೆಯ ಚೌಕಟ್ಟಿನಿಂದ ಬಿಚ್ಚಿಕೊಂಡ. ಒಂದು ಕೋಡೇ ಸಾಕಾಯಿತು. ಇನ್ನೊಂದನ್ನು ಮತ್ತೆ ಅಟ್ಟಕ್ಕೇರಿಸಿದ.

ಅವನು ಹೊಳಪು ತರುತ್ತಿದ್ದ ದಿನ ತಮ್ಮ ಲಕ್ಕಪ್ಪ ಬಂದು ಹೊಸ್ತಿಲಲ್ಲಿ ನಿಂತ. ಲಕ್ಕಪ್ಪ ಕಲಘಟಗಿಯ ಶಾಲೆಯಲ್ಲಿ ಮಾಸ್ತರ. ಎರಡು ವರ್ಷದ ಹಿಂದೆ ಬುದ್ಧನ ದೀಕ್ಷೆ ಪಡೆದಿದ್ದ. ಇನ್ನು ಊರವರ ಸತ್ತ ದನ ಎಳೆಯುವುದಿಲ್ಲವೆಂದು ಕೇರಿಯವರೆಲ್ಲ ಸೇರಿ ತೀರ್ಮಾನಿಸಿದಾಗ ಮುಂದೆ ನಿಂತವನು ಅವನೇ.

“ದನಾ ಎಳಿಯೂದು ಬಿಟ್ಟೀವಿ ಅಂತ ಊರ ಮುಂದ ಹೇಳಿ ಬಂದೇವಿ. ನೀ ನೋಡಿದ್ರ ಕೋಡು ಹಿಡಕೊಂಡು ಕುಂತೀದಿ, ಅಣ್ಣಾ.”

“ಎಳಿಯೂದು ನಾನೂ ಬಿಟ್ಟೇನಲ್ಲೋ. ಈಗ ಅವರವರ ದನಾ ಅವರ ಹುಗೀತಾರ. ಕೋಡಷ್ಟು ಕೊಯ್ಕೊಂಡು ಬರತೇನಿ. ಕೈಯಾಗಿನ ವಿದ್ಯಾ ಯಾಕ ಬಿಡಲಿ? ಇದರಾಗ ಒಂದು ಗುಂಜಿ ಕೆಡೂದಿಲ್ಲ. ಪುಡಿ ಮಣ್ಣಿಗೆ ಹೋಗತೈತಿ, ಗಿಡಾ ಆಗತೈತಿ.”

“ವಿದ್ಯಾ ನಿಂದು. ಹೊಲಸು ಅನ್ನೋ ಹೆಸರು ನಮ್ಮೆಲ್ಲಾರದು.”

“ಅದನ್ನ ಅಳಸಾಕನ ಇದನ್ನ ಮಾಡಾಕತ್ತೇನಿ. ಶ್ರಾವಣದಾಗ ಶಾಸ್ತ್ರಿಗಳು ಇದನ್ನ ಮಾರಿ ಮ್ಯಾಲಿಟ್ಕೊಂಡು ದೇವರ ಮುಂದ ಕೂಡತಾರ. ನೋಡ್ತಿರು.”

“ಮಾರಿ ಮ್ಯಾಲ ಕೋಡು ಇಟ್ಕೊಳ್ಳೂದು ಬ್ಯಾರೆ, ಬಾಯಾಗ ನಿನ್ನ ಹೆಸರು ಇಟ್ಕೊಳ್ಳೂದು ಬ್ಯಾರೆ,” ಎಂದು ಲಕ್ಕಪ್ಪ ಹೋದ.

ಶ್ರಾವಣಕ್ಕೆ ಎರಡು ದಿನ ಮುಂಚೆ ಹುಲಿಗೆಪ್ಪ ಹಳೆಯ ಗಾಜುಗಳನ್ನೇ ಕೂರಿಸಿದ ಕನ್ನಡಕವನ್ನು ಬಿಳಿ ಅರಿವೆಯಲ್ಲಿ ಸುತ್ತಿ ತಂದ. ಶಾಸ್ತ್ರಿಗಳು ಅದನ್ನು ಹಾಕಿಕೊಂಡು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಮತ್ತೆ ತೆಗೆದು ನೋಡಿದರು. ಹಾಕಿಕೊಂಡದ್ದೇ ತಿಳಿಯದಷ್ಟು ಹಗುರ. ಮೂಗಿನ ಮೇಲೆ ತಂಪಾಗಿ ಕೂತು, ಸ್ವಲ್ಪ ಹೊತ್ತಿಗೆ ಮೈಯ ಬಿಸಿಯನ್ನೇ ಪಡೆಯಿತು. ಅವರು ಗ್ರಂಥ ಬಿಡಿಸಿ ಒಂದು ಪದ್ಯ ಓದಿದರು, ಇನ್ನೊಂದು ಓದಿದರು, ನಿಲ್ಲಿಸಲಿಲ್ಲ. ಹುಲಿಗೆಪ್ಪ ಹಿತ್ತಲ ಬಾಗಿಲ ಬಳಿ ಕುಳಿತು ಐದು ಪದ್ಯಗಳನ್ನು ಕೇಳಿದ.

“ಏನು ಕೊಡಲಪಾ ನಿನಗ?”

“ಕರೆವ್ವ ನಿಮ್ಮದು, ಕೋಡೂ ನಿಮ್ಮವ. ನಂಗೇನೂ ಬ್ಯಾಡ್ರಿ. ಯಾರರ ಕೇಳಿದ್ರ ನನ್ನ ಹೆಸರು ಹೇಳ್ರಿ. ಅಷ್ಟ ಸಾಕು.”

“ಯಾರು ಕೇಳಿದ್ರೂ ಹೇಳತೇನಿ. ಕಲ್ಮೇಶ್ವರನ ಸಾಕ್ಷಿ.”

ಹುಲಿಗೆಪ್ಪನ ಕಣ್ಣು ತುಂಬಿಬಂತು. ಅದನ್ನು ಮರೆಸಲು ಕಸಬಿನ ಮಾತಿಗಿಳಿದ. “ಒಂದು ನೆನಪಿಡ್ರಿ. ಮಳಿ ಹನಿ ಬಿದ್ರ ಒರಸ್ರಿ, ಚಿಂತಿಲ್ಲ. ನೀರಾಗ ಮಾತ್ರ ನೆನಿ ಹಾಕಬ್ಯಾಡ್ರಿ. ನೆನದ್ರ ಕೋಡು ಪದರು ಪದರಾಗಿ ಬಿಚ್ಚತೈತಿ. ಎಂಟು ದಿನಕ್ಕೊಮ್ಮೆ ಒಂದು ಹನಿ ಕುಸುಬಿ ಎಣ್ಣಿ ಸವರ್ರಿ, ನಿಮ್ಮ ಮೊಮ್ಮಕ್ಕಳತನಕಾ ಬರತೈತಿ.”

ಶ್ರಾವಣದ ಮೊದಲ ದಿನ ಗುಡಿಯ ಪಡಸಾಲೆ ತುಂಬಿತ್ತು. ಪುರಾಣ ಆರಂಭವಾಗುವ ಮುನ್ನ ಗುಡಿಯ ಪಂಚಕಮಿಟಿಯ ಹಿರಿಯ ಮಡಿವಾಳೆಪ್ಪನವರು ಹತ್ತಿರ ಬಂದು ಬಗ್ಗಿ ನೋಡಿದರು.

“ಶಾಸ್ತ್ರಿಗಳ, ಹೊಸಾ ಚಸ್ಮಾ ಅಗದಿ ಒಪ್ಪತೈತಿ. ಎಲ್ಲಿದು?”

ಉತ್ತರ ಶಾಸ್ತ್ರಿಗಳ ತುಟಿಯವರೆಗೆ ಬಂದಿತ್ತು. ಆದರೆ ಮಡಿವಾಳೆಪ್ಪನವರ ಹಿಂದೆ ನೂರು ಮುಖಗಳಿದ್ದವು. ಮುಂದೆ ಲಿಂಗಕ್ಕೆ ಮಂಗಳಾರತಿ ಸಿದ್ಧವಾಗಿತ್ತು. ಇಪ್ಪತ್ತೆರಡು ವರ್ಷ ಕೂತ ಗದ್ದುಗೆ ತಮ್ಮ ಕೆಳಗೆ ಸಣ್ಣಗೆ ಅಲುಗಿದಂತೆ ಅವರಿಗೆನಿಸಿತು.

“ಹುಬ್ಬಳ್ಳಿದು,” ಎಂದರು.

ಬಹಳ ಚಿಕ್ಕ ಮಾತು. ಆದರೆ ಅದನ್ನು ಆಡುವವರೆಗೆ ಆ ಕೋಡು ಅವರಿಗೆ ಕರೆವ್ವನದಾಗಿತ್ತು. ಆಡಿದ ಮೇಲೆ ಅದು ಮುಚ್ಚಿಡಬೇಕಾದ ವಸ್ತುವಾಯಿತು, ಮುಚ್ಚಿಟ್ಟದ್ದು ಬೆಳಗಾಗುವುದರೊಳಗೆ ಮೈಲಿಗೆಯಾಯಿತು. ಮರುದಿನ ಪೂಜೆಗೆ ಕೂರುವ ಮುನ್ನ ಅವರು ತಾಮ್ರದ ಬಟ್ಟಲಿನ ನೀರಿಗೆ ವಿಭೂತಿ ಕದಡಿ ಕನ್ನಡಕವನ್ನು ಅದರಲ್ಲಿ ಮುಳುಗಿಸಿಟ್ಟರು. ಪೂಜೆ ಮುಗಿಯುವ ತನಕ, ಒಂದು ತಾಸಿಗೂ ಹೆಚ್ಚು ಹೊತ್ತು, ಅದು ಅಲ್ಲಿಯೇ ಇತ್ತು.

ಹೂವಿನ ಬುಟ್ಟಿ ತಂದ ಅನ್ನವ್ವ ಬಟ್ಟಲನ್ನು ನೋಡಿದಳು. “ನೀರಾಗ ಹಾಕಬ್ಯಾಡ್ರಿ ಅಂತ ಹೇಳ್ಯಾನಲ್ಲ ಅವ.”

“ಇದು ನೀರಲ್ಲ. ಭಸ್ಮೋದಕ.”

ಅವರು ಅದನ್ನು ಹೇಳಿದ್ದು ನಂಬಿಯೇ. ಮಂತ್ರ ಬಿದ್ದ ಜಲ ನೀರಿನ ಗುಣವನ್ನು ಬಿಟ್ಟಿರುತ್ತದೆಂದು ಶಾಸ್ತ್ರಗಳನ್ನು ಅಷ್ಟು ವರ್ಷ ಓದಿದವರಿಗೆ ಸಂಶಯವಿರಲಿಲ್ಲ. ಕೋಡಿಗೆ ಮಾತ್ರ ಆ ಶಾಸ್ತ್ರ ಗೊತ್ತಿರಲಿಲ್ಲ. ಸಂಜೆ ಅದೇ ಕನ್ನಡಕದ ಮೂಲಕ, ಭಕ್ತನ ಕುಲವನ್ನು ಕೇಳುವವನು ಭಕ್ತನೇ ಅಲ್ಲವೆಂಬ ಸಂಧಿಯನ್ನು ಅವರು ಕಂಠ ತುಂಬಿ ಓದಿದರು. ಗುಡಿಯ ಮೆಟ್ಟಿಲ ಕೆಳಗೆ, ಬೇವಿನ ಮರಕ್ಕೊರಗಿ ಕೂತು ಕೇಳುತ್ತಿದ್ದ ಹುಲಿಗೆಪ್ಪನಿಗೆ ಆ ಸಂಧಿಯನ್ನು ತನಗಾಗಿಯೇ ಆರಿಸಿದ್ದಾರೆಂದು ತೋರಿತು.

ಶ್ರಾವಣದ ಮೂರನೆಯ ವಾರ ಊರ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರಬಾಯಿ ಬಂದಿದ್ದರು. ಹುಲಿಗೆಪ್ಪ ಮತ್ತು ಲಕ್ಕಪ್ಪ ತಮ್ಮ ತಾಯಿ ಸಾವಂತ್ರೆವ್ವಳನ್ನು ನಡುವೆ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದರು. ಶಿಬಿರವನ್ನು ಉದ್ಘಾಟಿಸಿದ ಶಾಸ್ತ್ರಿಗಳೂ ಮಡಿವಾಳೆಪ್ಪನವರೂ ಮೇಜಿನ ಪಕ್ಕದ ಕುರ್ಚಿಗಳಲ್ಲಿ ಕುಳಿತಿದ್ದರು.

ಡಾಕ್ಟರಬಾಯಿ ಬರೆಯುತ್ತಿದ್ದವರು ತಲೆಯೆತ್ತಿ ಶಾಸ್ತ್ರಿಗಳ ಮುಖವನ್ನೇ ನೋಡಿದರು. “ಸ್ವಲ್ಪ ಕೊಡತೀರೇನ್ರಿ ಅದನ್ನ?” ಎಂದು ಕೇಳಿ ಕನ್ನಡಕವನ್ನು ಬೆಳಕಿಗೆ ಹಿಡಿದರು. “ಕೋಡಿಂದು ಹೌದಲ್ರಿ ಇದು? ಎಷ್ಟು ಹಗರ ಐತಿ. ನಾವು ಕೊಡೂ ಪ್ಲಾಸ್ಟಿಕ್ ಫ್ರೇಮಿನಿಂದ ಹತ್ತರಾಗ ಒಬ್ಬರಿಗೆ ಮೂಗು ಹುಣ್ಣಾಗತೈತಿ. ಮುರದ್ರ ಒಗೀಬೇಕು, ಒಗದದ್ದು ಮಣ್ಣಾಗೂದಿಲ್ಲ. ಯಾರು ಮಾಡಿದ್ರು ಇದನ್ನ?”

ಸಾಲಿನಲ್ಲಿ ಹುಲಿಗೆಪ್ಪ ತಮ್ಮನ ತೋಳನ್ನು ಮುಟ್ಟಿ ಪಿಸುಗುಟ್ಟಿದ. “ಈಗ ಕೇಳು.”

ಶಾಸ್ತ್ರಿಗಳು ತಲೆಯೆತ್ತಿದರು. ಕನ್ನಡಕವಿಲ್ಲದ ಕಣ್ಣಿಗೆ ಸಾಲು ಮಸುಕಾಗಿ ಕಂಡರೂ, ಎತ್ತರದ ಹುಲಿಗೆಪ್ಪ ಯಾರೆಂದು ತಿಳಿಯದಷ್ಟು ಮಸುಕಾಗಿರಲಿಲ್ಲ. ಪಕ್ಕದಲ್ಲಿ ಮಡಿವಾಳೆಪ್ಪನವರು, “ಕೋಡಿಂದಾ?” ಎಂದು ಕುರ್ಚಿಯಲ್ಲಿ ನೆಟ್ಟಗಾದರು.

“ಕೋಡಲ್ರಿ,” ಎಂದರು ಶಾಸ್ತ್ರಿಗಳು. “ಕೋಡಿನಂಥಾ ಪ್ಲಾಸ್ಟಿಕ್. ಹುಬ್ಬಳ್ಳಿಯಾಗ ಕೊಂಡದ್ದು. ಅಂಗಡಿ ನೆನಪಿಲ್ಲ.”

“ಹಂಗೇನು?” ಡಾಕ್ಟರಬಾಯಿಗೆ ನಂಬಿಕೆ ಬರಲಿಲ್ಲ, ಆದರೆ ಹಿರಿಯರ ಮಾತನ್ನು ಎದುರಾಡಲಿಲ್ಲ. “ಮಾಡಿದಾತ ಇಲ್ಲೇ ಸುತ್ತಮುತ್ತ ಇದ್ದಾನು ಅಂತ ಆಸೆಪಟ್ಟೆ. ಇದ್ದಿದ್ದರ ಈ ಶಿಬಿರದ ಇನ್ನೂರು ಫ್ರೇಮು ಅವನ ಕೈಲೇ ಮಾಡಸತಿದ್ವಿ. ಇನ್ನ ನಾಕು ಮಂದಿಗೆ ಕಲಸ್ತಿದ್ದ.” ಅವರು ಕನ್ನಡಕವನ್ನು ಹಿಂದಿರುಗಿಸಿ, ಪ್ಲಾಸ್ಟಿಕ್ ಚೌಕಟ್ಟಿನ ಬೇಡಿಕೆ ಪತ್ರಕ್ಕೆ ಸಹಿ ಹಾಕಿದರು.

ಲಕ್ಕಪ್ಪನ ಬಾಯಿ ತೆರೆಯಿತು. ಹುಲಿಗೆಪ್ಪ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ನಾನು ಮಾಡಿದ್ದೆಂದು ಹೇಳುವುದು, ಶಾಸ್ತ್ರಿಗಳು ಸುಳ್ಳಾಡಿದರೆಂದು ಊರ ಮುಂದೆ ಹೇಳುವುದಾಗಿತ್ತು. ಐದು ಪದ್ಯ ಕೇಳಿದ ಆ ಸಂಜೆ ಇನ್ನೂ ಅವನ ಕಿವಿಯಲ್ಲಿತ್ತು.

“ಕೇಳಿದೆ, ಅಣ್ಣಾ,” ಎಂದ ಲಕ್ಕಪ್ಪ.

ಅದಾದ ಎರಡನೆಯ ದಿನ ಪುರಾಣ ನಡೆಯುತ್ತಿದ್ದಾಗ ಶಾಸ್ತ್ರಿಗಳ ಕನ್ನಡಕದ ಬಲಗಾಜು ಕಳಚಿ ತೆರೆದ ಗ್ರಂಥದ ಮೇಲೆ ಬಿತ್ತು. ತೆಗೆದು ನೋಡಿದರೆ, ಕೋಡು ಅಂಚಿನುದ್ದಕ್ಕೂ ಹಳೆಯ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿತ್ತು.

ಮರುದಿನ ಮಧ್ಯಾಹ್ನ ಅವರು ಜನ್ಮದಲ್ಲಿ ಮೊದಲ ಬಾರಿಗೆ ಕೇರಿಗೆ ನಡೆದು ಹೋದರು. ಹುಲಿಗೆಪ್ಪ ಎದ್ದು ನಿಂತು, “ಬರ್ರಿ,” ಎಂದ. ‘ಅಜ್ಜಾರ’ ಎಂಬ ಮಾತು ಅದರ ಹಿಂದೆ ಬರಲಿಲ್ಲ. ಅರಿವೆ ಬಿಚ್ಚಿ ಚೌಕಟ್ಟನ್ನು ತೆಗೆದುಕೊಂಡು, ಬಿರಿದ ಕಡೆ ಉಗುರನ್ನು ತೂರಿಸಿ ಪದರನ್ನು ಮೆಲ್ಲಗೆ ಅಗಲಿಸಿದ. ಒಳಗೆ, ಜೇನುಬಣ್ಣದ ನಡುವೆ, ತೆಳುವಾದ ಬಿಳಿಯ ಗೆರೆಯಿತ್ತು. ಅಂಗೈ ಮೇಲೆ ತಟ್ಟಿದಾಗ ಅದು ಪುಡಿಯಾಗಿ ಉದುರಿತು.

“ನೀರಾಗ ಹಾಕೀರಿ.”

“ಬೆವರಿಗೆ ಏನರ…”

“ಬೆವರು ಬೆಳ್ಳಗ ಇರೂದಿಲ್ರಿ. ಇದು ವಿಭೂತಿ.” ಹುಲಿಗೆಪ್ಪನ ದನಿ ಏರಲಿಲ್ಲ. “ಒಂದು ದಿನ ನೆನಸಿದ್ರ ಇಷ್ಟು ಒಳಗ ಹೋಗೂದಿಲ್ಲ. ದಿನಾ ಹಾಕೀರಿ. ಶ್ರಾವಣ ಹತ್ತಿದಾಗಿಂದ.”

ಶಾಸ್ತ್ರಿಗಳು ನೆಲ ನೋಡಿದರು.

“ಡಾಕ್ಟರಬಾಯಿ ಮುಂದ ನೀವು ಹೆಸರು ಹೇಳಲಿಲ್ಲ. ಅದನ್ನ ನಾ ತಾಳಕೊಂಡಿದ್ದೆ. ಮಂದಿಗೆ ಅಂಜಿರಬೇಕು, ದೊಡ್ಡವರಿಗೂ ಅಂಜಿಕಿ ಇರತೈತಿ ಅಂತ ನಂಗ ನಾನ ಹೇಳಕೊಂಡೆ. ಎರಡು ದಿನಾ ಹಂಗ ಹೇಳಕೋತ ಉಂಡೇನಿ, ಮಲಗೇನಿ. ಆದ್ರ ನಿಮ್ಮ ದೇವರಮನ್ಯಾಗ ಯಾವ ಮಂದಿ ಇದ್ರು? ಅಲ್ಲಿ ನೀವು, ನಿಮ್ಮ ಶಿವ, ನನ್ನ ಕೈಕೆಲಸ. ಮೂವರ ಇದ್ವಿ. ಅಲ್ಲಿ ಯಾರಿಗೆ ಅಂಜಿ ನನ್ನ ತೊಳದ್ರಿ?”

ಹೊರಗೆ ಯಾರೋ ಕೊಡ ಇಳಿಸಿದ ಸದ್ದಾಯಿತು. ಶಾಸ್ತ್ರಿಗಳು, “ತಿದ್ದಾಕ ಬರೂದಿಲ್ಲೇನು?” ಎಂದರು.

“ಬಿಚ್ಚಿದ ಪದರು ಕೂಡೂದಿಲ್ರಿ.” ಅವನು ಚೌಕಟ್ಟನ್ನೂ ಗಾಜುಗಳನ್ನೂ ಅದೇ ಬಿಳಿ ಅರಿವೆಯಲ್ಲಿ ಸುತ್ತಿ, ಅವರ ಕೈಗೆ ತಾಗದಂತೆ ಕಟ್ಟೆಯ ಮೇಲಿಟ್ಟ. ಈ ಮೊದಲು ಅವನು ಹಾಗೆ ಇಡುತ್ತಿದ್ದುದು ಅವರ ಮಡಿಗಾಗಿ. ಅಂದು ಇಟ್ಟದ್ದು ಅದಕ್ಕಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಗ್ರಂಥ ಓದುವ ಕೆಲಸ ಅಂದಿನಿಂದ ಬೇರೊಬ್ಬರ ಪಾಲಾಯಿತು, ಶಾಸ್ತ್ರಿಗಳು ಅರ್ಥವಷ್ಟೇ ಹೇಳಿದರು. ಆ ವಾರದ ಸೋಮವಾರ ಅವರು ಎಂದಿನಂತೆ ಕಲ್ಮೇಶ್ವರನ ದರ್ಶನಕ್ಕೆ ಹೋದರು. ನಮ್ಮ ಕಡೆ ಶಿವನನ್ನು ನೇರವಾಗಿ ನೋಡುವ ರೂಢಿಯಿಲ್ಲ. ನಂದಿಯ ಹಿಂದೆ ಬಗ್ಗಿ, ಅದರ ಎರಡು ಕೋಡುಗಳ ಮೇಲೆ ಹೆಬ್ಬೆರಳು ತೋರುಬೆರಳುಗಳನ್ನಿಟ್ಟು, ಆ ಕೋಡುಗಳ ನಡುವಿನಿಂದ ಲಿಂಗವನ್ನು ಕಾಣಬೇಕು. ಬಾಲ್ಯದಿಂದ ಸಾವಿರ ಸಲ ಮಾಡಿದಂತೆ ಅವರು ಬಗ್ಗಿದರು. ಕಲ್ಲಿನ ಕೋಡುಗಳು ಬೆರಳಿಗೆ ತಣ್ಣಗೆ ತಾಗಿದವು. ನಡುವೆ ಬರೀ ಕತ್ತಲೆಯಿತ್ತು, ದೀಪವಿದ್ದಲ್ಲಿ ಒಂದು ಹಳದಿ ಕಲೆಯಿತ್ತು, ಲಿಂಗವಿರಲಿಲ್ಲ. ಅವರು ಬಗ್ಗಿಯೇ ಇದ್ದರು. ಹಿಂದೆ ನಿಂತವರು ಸೊಂಟ ಹಿಡಿಯಿತೇನೋ ಎಂದುಕೊಂಡು ರಟ್ಟೆ ಹಿಡಿದು ಎಬ್ಬಿಸಿದರು.

ಮನೆಗೆ ಬಂದಾಗ ಅನ್ನವ್ವ ಹಳೆಯ ಪ್ಲಾಸ್ಟಿಕ್ ಚೌಕಟ್ಟನ್ನು ಒರೆಸಿ ಮುಂದಿಟ್ಟಳು. “ಪುರಾಣ ಮುಗಿಯೂ ಮಂಗಲದ ದಿನಾ ಇದನ್ನರ ಹಾಕ್ಕೊರಿ. ಗಾಜು ಕೂಡಸಿ ಕೊಡಲೇನು?”

“ಬ್ಯಾಡ.”

“ಮತ್ತ ಓದೂದು ಹೆಂಗ?”

“ಕಡೀ ಸಂಧಿ ಬಾಯಾಗೈತಿ. ಕಣ್ಣಿನ ಕೆಲಸಿಲ್ಲ. ಬಾಯಿದ ಐತಿ.”

ಮಂಗಲದ ದಿನ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಸ್ತ್ರಿಗಳು ಗ್ರಂಥವನ್ನು ತೆರೆಯಲಿಲ್ಲ. ಪುಸ್ತಕದ ಪೀಠದ ಮೇಲೆ ಬಿಳಿ ಅರಿವೆ ಹಾಸಿ, ಪದರು ಬಿಚ್ಚಿದ ಚೌಕಟ್ಟನ್ನು ಅದರ ಮೇಲಿಟ್ಟು, ಕೈಮುಗಿದರು.

“ಈ ಶ್ರಾವಣದಾಗ ನಾ ಹಾಕ್ಕೊಂಡು ಓದಿದ್ದು ಇದು. ಹುಬ್ಬಳ್ಳಿದಲ್ಲ, ಪ್ಲಾಸ್ಟಿಕ್ಕೂ ಅಲ್ಲ. ನಮ್ಮ ಮನಿ ಎಮ್ಮಿ ಕೋಡು. ಮಾಡಿಕೊಟ್ಟವ ನಮ್ಮೂರ ಕೇರಿಯ ಹುಲಿಗೆಪ್ಪ. ಹೆಸರು ಹೇಳತೇನಂತ ಕಲ್ಮೇಶ್ವರನ ಸಾಕ್ಷಿ ಇಟ್ಟು ಮಾತು ಕೊಟ್ಟಿದ್ದೆ. ಎರಡು ಸಲ ಕೇಳಿದ್ರಿ, ಎರಡೂ ಸಲ ಸುಳ್ಳು ಹೇಳಿದೆ. ಅದಕ್ಕೂ ಹೆಚ್ಚಿಂದು ಮಾಡಿದೆ. ದಿನಾ ಇದನ್ನ ವಿಭೂತಿ ನೀರಾಗ ತೊಳದೆ. ಅದಕ್ಕ ಇದು ಹಿಂಗಾತು.”

ಮೊದಲು ಎದ್ದವರು ಮಡಿವಾಳೆಪ್ಪನವರು. ಅವರ ಮುಖದಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. “ಶಾಸ್ತ್ರಿಗಳ, ಎಮ್ಮಿ ಅಂದ್ರ ಯಮನ ಕಡಿಂದು. ಅದರ ಕೋಡು ಹೊತ್ಕೊಂಡು ಗರ್ಭಗುಡಿ ಮುಂದ ಕುಂತ್ರಿ. ನಿಮ್ಮ ಮಾತು ನಂಬಿ ನಾವೆಲ್ಲಾ ಕೈ ಮುಗದ್ವಿ. ಮನಿಯಾಗ ಏನರ ಹಾಕ್ಕೊರಿ, ಕೇಳತಿದ್ದಿಲ್ಲ. ನಮಗ ಮೊದಲ ಹೇಳಬೇಕಿತ್ತೋ ಇಲ್ಲೋ?”

“ಹೇಳಬೇಕಿತ್ತು. ನಿಮಗೂ ಮೋಸ ಮಾಡೇನಿ.”

“ಮತ್ತ ಈಗ ಏನು? ಗುಡಿ ತೊಳಸೂಣೇನು?”

“ತೊಳಿಯೂದರಿಂದ ಏನಾಗತೈತಿ ಅಂತ ನಿಮ್ಮ ಮುಂದ ಇಟ್ಟೇನಲ್ಲ,” ಎಂದು ಶಾಸ್ತ್ರಿಗಳು ಪೀಠದತ್ತ ಕೈ ತೋರಿದರು. “ಮಡಿವಾಳೆಪ್ಪನವರ, ನೀವೂ ನಾನೂ ಹುಟ್ಟಿದಾಗಿಂದ ಕೋಡಿನ ನಡುವನ ಶಿವನ್ನ ನೋಡಿದವರು. ಸೋಮವಾರ ಬಗ್ಗಿ ನೋಡಿದೆ. ನಂಗ ಏನೂ ಕಾಣಲಿಲ್ಲ.”

ಕೆಲವರು ಎದ್ದು ಹೊರಟರು, ಮಡಿವಾಳೆಪ್ಪನವರೂ ಹೊರಟರು. ಹೆಚ್ಚಿನವರು ಏನು ಮಾಡಬೇಕೆಂದು ತಿಳಿಯದೆ ಕುಳಿತೇ ಇದ್ದರು. ಆಗ ಮುದುಕಿ ಶಿವಗಂಗವ್ವ ಮೊಣಕಾಲೂರಿ ಮುಂದೆ ಸರಿದು, ಚೌಕಟ್ಟನ್ನು ಕೈಗೆತ್ತಿಕೊಂಡು ತೂಗಿ ನೋಡಿದಳು. ಅವಳ ಮೂಗಿನ ಮೇಲೆ ಶಿಬಿರದವರು ಕಳಿಸಿದ ಹೊಸ ಪ್ಲಾಸ್ಟಿಕ್ ಕನ್ನಡಕವಿತ್ತು, ಅದರ ಕೆಳಗೆ ಅರಿವೆಯ ಚೂರನ್ನು ಮಡಿಚಿ ಸಿಕ್ಕಿಸಿದ್ದಳು.

“ಯವ್ವಾ, ಹತ್ತಿಯಂಗ ಐತಲ್ಲೋ. ನನಗೊಂದು ಮಾಡಿಕೊಟ್ಟಾನೇನು ಅವ?”

“ಅದನ್ನ ಅವನ್ನ ಕೇಳಬೇಕವ್ವಾ,” ಎಂದರು ಶಾಸ್ತ್ರಿಗಳು. “ನಾ ಅವನ ಪರವಾಗಿ ಮಾತಾಡೂ ಹಕ್ಕು ಕಳಕೊಂಡೇನಿ.” ಆಮೇಲೆ ಕೊನೆಯ ಸಂಧಿಯನ್ನು ಕಣ್ಣುಮುಚ್ಚಿ ಹೇಳಿ ಮಂಗಲ ಮಾಡಿದರು.

ಮರುದಿನ ಅವರು ಡಾಕ್ಟರಬಾಯಿಗೆ ಒಂದು ಪತ್ರ ಬರೆದರು. ಕಾಣದ ಕಣ್ಣಿನಿಂದ ಬರೆದ ಅಕ್ಷರಗಳು ಬಾಲಕನ ಅಕ್ಷರಗಳಂತೆ ದೊಡ್ಡವಾಗಿ, ಸಾಲು ತಪ್ಪಿ ಬಿದ್ದವು. ಉತ್ತರ ಬರಲು ಐದು ವಾರ ಹಿಡಿಯಿತು. ಅದು ಬಂದ ವಾರದ ಭಾನುವಾರ, ಒಡೆಯದ ಲಕೋಟೆಯನ್ನು ಹಿಡಿದು, ಕೋಲೂರಿಕೊಂಡು ಮತ್ತೆ ಕೇರಿಗೆ ಹೋದರು. ಅಣ್ಣತಮ್ಮಂದಿರಿಬ್ಬರೂ ಮನೆಯಲ್ಲಿದ್ದರು. ಗುಡಿಯಲ್ಲಿ ನಡೆದದ್ದು ಅವರಿಗೆ ಅಂದೇ ಮುಟ್ಟಿತ್ತು. ಆದರೂ ಹುಲಿಗೆಪ್ಪ ಆಮೇಲೆ ಅವರ ಹಿತ್ತಲಿಗೆ ಹೋಗಿರಲಿಲ್ಲ.

“ಲಕ್ಕಪ್ಪ ಮಾಸ್ತರ, ಇದನ್ನ ಓದಿ ಹೇಳಪಾ. ನನಗ ಕಾಣೂದಿಲ್ಲ. ಇದು ನಿಮ್ಮ ಅಣ್ಣಗ ಬಂದದ್ದು ಅಂತ ತಿಳಕೊ.”

ಲಕ್ಕಪ್ಪ ಓದಿದ. ಈ ವರ್ಷದ ಇನ್ನೂರು ಚೌಕಟ್ಟುಗಳೂ ಪ್ಲಾಸ್ಟಿಕ್ಕಿನವೇ ಬಂದು ಹಂಚಿಕೆಯಾಗಿ ಹೋಗಿದ್ದವು. ಫೆಬ್ರುವರಿಯ ಕಲಘಟಗಿ ಶಿಬಿರಕ್ಕೆ ಮಾದರಿಯೆಂದು ಹತ್ತು ಕೋಡಿನ ಚೌಕಟ್ಟುಗಳನ್ನು ಮಾಡಿಕೊಡಲು ಸಾಧ್ಯವೇ ಎಂದು ಹುಲಿಗೆಪ್ಪನವರನ್ನು ಕೇಳಿದ್ದರು. ‘ಹುಲಿಗೆಪ್ಪನವರು’ ಎಂಬಲ್ಲಿ ಲಕ್ಕಪ್ಪನ ದನಿ ಒಂದು ಕ್ಷಣ ತಡೆಯಿತು. ಅದರ ಮುಂದಿನ ಸಾಲಿಗೆ ಬಂದು ಅವನು ಸುಮ್ಮನಾದ.

“ಬಿಟ್ಟು ಓದಬ್ಯಾಡ,” ಎಂದರು ಶಾಸ್ತ್ರಿಗಳು. “ಅದನ್ನೂ ಓದು.”

“‘ಮಾಡಿದವರ ಹೆಸರನ್ನು ನೀವು ಆ ದಿನವೇ ಹೇಳಿದ್ದರೆ, ಇನ್ನೂರು ಜನರಿಗೆ ಉಪಕಾರವಾಗುತ್ತಿತ್ತು.’”

ಹುಲಿಗೆಪ್ಪ ಕೈಯಲ್ಲಿದ್ದ ಅರ್ಧ ಹಣಿಗೆಯನ್ನು ಕೆಳಗಿಟ್ಟ. “ಹೋದದ್ದು ಹೋತು,” ಎಂದ. ಅವರ ಬರಿ ಮುಖವನ್ನು ನೋಡಿ, “ನಿಮ್ಮ ಹಳೇ ಚಸ್ಮಾ ಯಾಕ ಹಾಕಿಲ್ರಿ?” ಎಂದು ಕೇಳಿದ.

“ಹಾಕಬೇಕನಸಲಿಲ್ಲ.”

“ಅದು ನಂಗ ಮಾಡೂ ಉಪಕಾರ ಅಲ್ರಿ. ಕಾಣದ ಎಲ್ಯರ ಬಿದ್ರ ಅದೂ ನನ್ನ ಹೆಸರಿಗೆ ಬರತೈತಿ.” ಅವನು ಎದ್ದು ಅಟ್ಟಕ್ಕೆ ಕೈಚಾಚಿ, ಧೂಳು ಮುಸುಕಿದ ಇನ್ನೊಂದು ಕೋಡನ್ನು ಇಳಿಸಿದ. ಕರೆವ್ವನದು. ಅಂಗೈಯಿಂದ ಒರೆಸಿ ನೋಡಿದ.

“ಗಾಜು ಇಟ್ಟು ಹೋಗ್ರಿ.”

ಶಾಸ್ತ್ರಿಗಳು ಏನೋ ಹೇಳಲು ಹೋದರು. ಹುಲಿಗೆಪ್ಪ ಕೈ ಅಡ್ಡ ಹಿಡಿದ.

“ಮೊದಲಿನಂಗ ನಂಬೇನಿ ಅಂತ ತಿಳಕೊಬ್ಯಾಡ್ರಿ. ಅದು ಯಾವಾಗ ಬರತೈತೋ, ಬರತೈತೋ ಇಲ್ಲೋ, ನಂಗೂ ಗೊತ್ತಿಲ್ಲ. ನಿಮಗ ಕಣ್ಣು ಕಾಣಲಿ ಅಂತ ಮಾಡತೇನಿ, ಅಷ್ಟ.”

ಶಾಸ್ತ್ರಿಗಳು ಅಂಗಿಯ ಕಿಸೆಯಿಂದ ಎರಡು ಗಾಜುಗಳನ್ನು ತೆಗೆದು ಚಾಚಿದರು. ಹುಲಿಗೆಪ್ಪ ಕಟ್ಟೆಯ ಮೇಲಿಡಲು ಹೇಳಲಿಲ್ಲ. ಅಂಗೈ ಒಡ್ಡಿ ತೆಗೆದುಕೊಂಡ.

ಅವರು ಹೊಸ್ತಿಲು ದಾಟಿದಾಗ ಲಕ್ಕಪ್ಪ ಹಿಂದಿನಿಂದ ಬಂದು ಪಕ್ಕಕ್ಕೆ ನಿಂತ. “ಕೈ ಹಿಡೀರಿ. ಮುಂದ ಗಟಾರ ಐತಿ.” ಶಾಸ್ತ್ರಿಗಳು ಕೋಲನ್ನು ಎಡಗೈಗೆ ಬದಲಿಸಿ ಬಲಗೈ ಕೊಟ್ಟರು. ಹಿಂದೆ, ಮನೆಯೊಳಗಿನಿಂದ, ಕೋಡಿನ ಮೇಲೆ ಗರಗಸ ಹತ್ತಿದ ಸದ್ದು ಕೇಳತೊಡಗಿತು.

ಇದನ್ನು ಓದಿದವರ, ಓದಿಸಿ ಕೇಳಿದವರ ಕಣ್ಣಿಗೆ ಬೆಳಕಿರಲಿ. ಕೊಟ್ಟ ಮಾತು ಅವರ ನಾಲಗೆಯ ಮೇಲೆ ನಿಲ್ಲಲಿ. ದುಡಿದ ಕೈಗಳ ಹೆಸರನ್ನು ನಾಲ್ಕು ಜನರ ಮುಂದೆ ಹೇಳುವ ಧೈರ್ಯವನ್ನು ಮುಕ್ಕಣ್ಣನು ಎಲ್ಲರಿಗೂ ಕೊಡಲಿ. ಮನನೊಂದವರ ಮನೆಗಳಲ್ಲಿ ಕೆಲಸದ ಸದ್ದು ನಿಲ್ಲದಿರಲಿ. ಸರ್ವರಿಗೂ ಮಂಗಳವಾಗಲಿ.